ಗಾಜಿನೊಳಗಿನ ಸಡಿಲ ಜಾಗಗಳು

ಬೆಂಗಳೂರಿನ ಹಳಬರಿಗೆ ಭಾರತೀಯ ವಿಜ್ಞಾನ ಸಂಸ್ಥೆ ಅಂದರೆ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್. ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದೂ ಅದೇ ಹೆಸರು. ಅಲ್ಲಿ ಭೌತಶಾಸ್ತ್ರ ವಿಭಾಗದಲ್ಲಿದ್ದ ಆರ್. ಎಸ್. ಕೃಷ್ಣನ್ 1953ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸಿಲಿಕಾವನ್ನು ಕರಗಿಸಿ ತಣಿಸಿದರೆ ಬರುವ ಶುದ್ಧ ಗಾಜಿನ ಮೇಲೆ ಬೆಳಕು ಬಿಟ್ಟರೆ ಅದು ಹೇಗೆ ಚದುರುತ್ತದೆ ಅನ್ನುವುದು ಅದರ ವಿಷಯ. ಸಿ. ವಿ. ರಾಮನ್ ಅವರ ಶಿಷ್ಯ ಕೃಷ್ಣನ್. ಗುರುಗಳು 1927ರಲ್ಲೇ, ರಾಮನ್ ಪರಿಣಾಮ ಸಿಗುವುದಕ್ಕೂ ಮೊದಲು, ಗಾಜಿನಂಥ ವಸ್ತುಗಳಲ್ಲಿ ಬೆಳಕು ಚದುರುವುದರ ಬಗ್ಗೆ ಬರೆದಿದ್ದರು. ಶಿಷ್ಯನ ಕೈಯಲ್ಲಿ ಅದಕ್ಕಿಂತ ಚೂಪಾದ ಉಪಾಯವಿತ್ತು.

ಆ ಉಪಾಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಅದು ಅಷ್ಟು ಚೆನ್ನಾಗಿದೆ. ಗಾಜಿನ ಮೇಲೆ ಬಿದ್ದ ಬೆಳಕಿನಲ್ಲಿ ಚದುರುವ ಭಾಗ ಹೆಚ್ಚುಕಡಿಮೆ ಬಂದ ಬಣ್ಣದಲ್ಲೇ ಹೊರಬರುತ್ತದೆ. ಒಂದು ಚೂರು ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಗಿದೆ ಅನ್ನುವುದು ಒಳಗಿನ ಪರಮಾಣುಗಳು ಎಷ್ಟು ವೇಗವಾಗಿ ಕಂಪಿಸುತ್ತಿವೆ ಅನ್ನುವುದನ್ನು ಹೇಳುತ್ತದೆ. ವೇಗದ ಕಂಪನಗಳ ಗೆರೆ ಮೂಲ ಗೆರೆಯಿಂದ ದೂರ ಬೀಳುತ್ತದೆ. ನಿಧಾನದ ಕಂಪನಗಳದ್ದು ಪಕ್ಕದಲ್ಲೇ ಬೀಳುತ್ತದೆ. ಪಕ್ಕದಲ್ಲಿ ಬಿದ್ದದ್ದು ಮೂಲ ಬೆಳಕಿನ ಪ್ರಖರತೆಯಲ್ಲಿ ಮುಳುಗಿಹೋಗುತ್ತದೆ. ಕೃಷ್ಣನ್ ಬಳಸುತ್ತಿದ್ದದ್ದು ಪಾದರಸದ ದೀಪ. ಅದರ 2536.5 ಆಂಗ್‌ಸ್ಟ್ರಾಮ್‌ನ ಅತಿನೇರಳೆ ಕಿರಣ. ಚದುರಿದ ಬೆಳಕನ್ನು ಫೋಟೊ ಪ್ಲೇಟಿಗೆ ಕಳಿಸುವ ಮೊದಲು ಪಾದರಸದ ಆವಿಯ ಮೂಲಕ ಹಾಯಿಸುತ್ತಿದ್ದರು. ಪಾದರಸ ಕೊಟ್ಟ ಬೆಳಕನ್ನು ಪಾದರಸವೇ ನುಂಗುತ್ತದೆ. ಪ್ರಖರವಾದ ಮೂಲ ಗೆರೆ ಹೋಯಿತು, ಪಕ್ಕದ ಮಂಕು ಗೆರೆಗಳು ಉಳಿದವು. ಈ ದಾರಿ ತೋರಿಸಿದ್ದು ಇಟಲಿಯ ರಾಸೆಟ್ಟಿ. ಆದರೆ ಅದನ್ನು ಪಳಗಿಸಿ, ವಜ್ರದಿಂದ ಹಿಡಿದು ಹತ್ತಾರು ಘನವಸ್ತುಗಳ ಮೇಲೆ ಪ್ರಯೋಗಿಸಿ ನೋಡಿದ್ದು ಬೆಂಗಳೂರಿನಲ್ಲಿ.

ಬೆಣಚುಕಲ್ಲಿನ ಸ್ಫಟಿಕ ಇಟ್ಟರೆ ಪ್ಲೇಟಿನ ಮೇಲೆ ಚೊಕ್ಕ ಗೆರೆಗಳು. ಅದೇ ಸಿಲಿಕಾ ಗಾಜಿನ ರೂಪದಲ್ಲಿದ್ದರೆ, ಮೂಲ ಗೆರೆಗೆ ಅಂಟಿಕೊಂಡ ಹಾಗೆ ಒಂದು ಅಗಲವಾದ ಪಟ್ಟೆ. ತೀರಾ ನಿಧಾನದ ಕಂಪನಗಳ ಜಾಗದಲ್ಲಿ, ಇರಬೇಕಾದ್ದಕ್ಕಿಂತ ಜಾಸ್ತಿ ಬೆಳಕು. ಇವತ್ತು ಅದಕ್ಕೆ ಬೋಸಾನ್ ಪೀಕ್ ಅನ್ನುತ್ತಾರೆ. ಶಾಖದ ಜೊತೆ ಅದರ ಎತ್ತರ ಬದಲಾಗುವ ರೀತಿ ಸತ್ಯೇಂದ್ರನಾಥ ಬೋಸರ ಲೆಕ್ಕಾಚಾರಕ್ಕೆ ಸರಿಯಾಗಿ ಹೊಂದುತ್ತದೆ, ಅದಕ್ಕೆ ಆ ಹೆಸರು. ಕೃಷ್ಣನ್ ಲೇಖನ ಬಂದದ್ದು ರಾಮನ್ 1934ರಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ. ಸದಾಶಿವನಗರದಲ್ಲಿರುವ ಅಕಾಡೆಮಿ ಹಳೆಯ ಸಂಚಿಕೆಗಳನ್ನೆಲ್ಲ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಇಟ್ಟಿದೆ. ಯಾರು ಬೇಕಾದರೂ ಓದಬಹುದು.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಘನವಸ್ತುಗಳ ಪಾಠದಲ್ಲಿ ಸ್ಫಟಿಕಕ್ಕೆ ಪುಟಗಟ್ಟಲೆ ಜಾಗ, ಗಾಜಿಗೆ ಒಂದು ಪ್ಯಾರಾ. ಇದು ನನಗೆ ಯಾವಾಗಲೂ ಬೇಜಾರಿನ ಸಂಗತಿ. ಕಿಟಕಿ, ಫೋನಿನ ಪರದೆ, ಅಕ್ರಿಲಿಕ್ ಪ್ಲಾಸ್ಟಿಕ್, ಮರದಿಂದ ಒಸರಿ ಗಟ್ಟಿಯಾದ ಅಂಟು ಎಲ್ಲವೂ ಕ್ರಮವಿಲ್ಲದ ಘನವಸ್ತುಗಳೇ. ಕೈಗೆ ಸಿಗುವ ಇಷ್ಟೊಂದು ವಸ್ತುಗಳ ಬಗ್ಗೆ ನಮ್ಮ ಮಕ್ಕಳಿಗೆ ಗೊತ್ತಾಗುವುದು "ಇವುಗಳಲ್ಲಿ ಕ್ರಮವಿಲ್ಲ" ಅನ್ನುವ ಒಂದೇ ಮಾತು. ಆ ಮಾತು ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಇದರಲ್ಲಿ ಇರುವ ಸೋಜಿಗವೆಲ್ಲ ಹೊರಗೇ ಉಳಿಯುತ್ತದೆ.

ಲಾಲ್‌ಬಾಗಿನ ಬಂಡೆಯನ್ನು ಹತ್ತಿರದಿಂದ ನೋಡಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಅದರಲ್ಲಿ ಬೂದುಬಣ್ಣದಲ್ಲಿ ಗಾಜಿನ ಹಾಗೆ ಮಿನುಗುವ ಕಣಗಳಿವೆಯಲ್ಲ, ಅವು ಬೆಣಚು. ಒಂದು ಸಿಲಿಕಾನ್, ಸುತ್ತ ನಾಲ್ಕು ಆಕ್ಸಿಜನ್, ಇದೇ ವಿನ್ಯಾಸ ಮತ್ತೆ ಮತ್ತೆ. ಸಿಲಿಕಾ ಗಾಜಿನಲ್ಲೂ ಒಂದು ಸಿಲಿಕಾನ್‌ಗೆ ನಾಲ್ಕೇ ಆಕ್ಸಿಜನ್. ಪಕ್ಕದ ಮನೆಯವರೆಲ್ಲ ಅವರೇ. ಆದರೆ ಒಂದು ಗುಂಪು ಇನ್ನೊಂದಕ್ಕೆ ಸೇರಿಕೊಳ್ಳುವ ಕೋನ ಒಂದೊಂದು ಕಡೆ ಒಂದೊಂದು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕ್ರಮ ತಪ್ಪಿಹೋಗಿರುತ್ತದೆ. ಹೀಗೆ ಅಡ್ಡಾದಿಡ್ಡಿ ಸೇರಿದ್ದರಿಂದ ಜಾಗವೂ ಜಾಸ್ತಿ ಹಿಡಿಯುತ್ತದೆ. ಬೆಣಚು ಒಂದು ಘನ ಸೆಂಟಿಮೀಟರಿಗೆ 2.65 ಗ್ರಾಂ ತೂಗಿದರೆ ಸಿಲಿಕಾ ಗಾಜು 2.2 ಗ್ರಾಂ.

ಈಗ ಎರಡನ್ನೂ ತಣ್ಣಗೆ ಮಾಡುತ್ತಾ ಹೋಗೋಣ. ತಣ್ಣಗಾದಷ್ಟೂ ವೇಗದ ಕಂಪನಗಳು ನಿಂತುಹೋಗುತ್ತವೆ. ಉಳಿಯುವುದು ನಿಧಾನದ, ಉದ್ದುದ್ದ ಅಲೆಗಳು, ಅಂದರೆ ಶಬ್ದದ ಅಲೆಗಳೇ. ಸಾವಿರಾರು ಪರಮಾಣುಗಳನ್ನು ಒಟ್ಟಿಗೆ ಅಲ್ಲಾಡಿಸುವ ಅಷ್ಟು ಉದ್ದದ ಅಲೆಗೆ ಒಳಗಿನ ಜೋಡಣೆ ನೆಟ್ಟಗಿದ್ದರೇನು, ಸೊಟ್ಟಗಿದ್ದರೇನು? ಗೊತ್ತೇ ಆಗಬಾರದು. 1912ರಲ್ಲಿ ಭೌತವಿಜ್ಞಾನಿ ಡಿಬೈ ಹಾಕಿದ ಲೆಕ್ಕ ಇದೇ. ತಾಪಮಾನ ಅರ್ಧಕ್ಕೆ ಇಳಿದರೆ, ವಸ್ತುವನ್ನು ಇಷ್ಟು ಬಿಸಿ ಮಾಡಲು ಬೇಕಾದ ಶಾಖ, ಅಂದರೆ ಅದರ ಶಾಖಧಾರಣೆ, ಎಂಟನೇ ಒಂದಕ್ಕೆ ಇಳಿಯಬೇಕು. ವಿದ್ಯುತ್ ಹರಿಸದ ಸ್ಫಟಿಕಗಳಲ್ಲಿ ಅಕ್ಷರಶಃ ಹಾಗೇ ಆಗುತ್ತದೆ. ಗಾಜಿನಲ್ಲೂ ಹಾಗೇ ಆಗಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಆ ತರ್ಕವನ್ನು ಬೋರ್ಡಿನ ಮೇಲೆ ಬರೆದಾಗಲೆಲ್ಲ ನನಗೆ ಅದರಲ್ಲಿ ಒಂದು ಬಿರುಕೂ ಕಾಣುವುದಿಲ್ಲ.

1971ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಝೆಲ್ಲರ್ ಮತ್ತು ಪೋಲ್ ಅಳೆದು ನೋಡಿದರು. 1 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಸುಮಾರು ಮೈನಸ್ 272 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಗಾಜು ಡಿಬೈ ಲೆಕ್ಕವನ್ನು ಕೇಳಲೇ ಇಲ್ಲ. ತಾಪಮಾನ ಅರ್ಧವಾದರೆ ಶಾಖಧಾರಣೆಯೂ ಬರೀ ಅರ್ಧ ಇಳಿಯುತ್ತದೆ. 0.1 ಕೆಲ್ವಿನ್‌ಗೆ ಬರುವಷ್ಟರಲ್ಲಿ ಗಾಜು ಹಿಡಿದಿಟ್ಟುಕೊಂಡಿರುವ ಶಾಖ ಇರಬೇಕಾದ್ದಕ್ಕಿಂತ ನೂರು ಪಟ್ಟಿಗೂ ಜಾಸ್ತಿ. ಶಾಖ ಸಾಗಿಸುವುದರಲ್ಲಿ ಮಾತ್ರ ತೀರಾ ಹಿಂದೆ. 10 ಕೆಲ್ವಿನ್ ಹತ್ತಿರ ಬೆಣಚಿನ ಸ್ಫಟಿಕ ಸಾಗಿಸುವ ಶಾಖದ ಸಾವಿರದಲ್ಲೊಂದು ಪಾಲನ್ನೂ ಸಿಲಿಕಾ ಗಾಜು ಸಾಗಿಸುವುದಿಲ್ಲ. ಸಿಲಿಕಾ ಒಂದೇ ಹೀಗಿದ್ದಿದ್ದರೆ ಏನೋ ಒಂದು ವಿಚಿತ್ರ ಅಂತ ಬಿಡಬಹುದಿತ್ತು. ಸೆಲೆನಿಯಂ ಗಾಜೂ ಹೀಗೆ, ಅಕ್ರಿಲಿಕ್ ಪ್ಲಾಸ್ಟಿಕ್ಕೂ ಹೀಗೆ. ರಸಾಯನದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ, ನಡತೆ ಮಾತ್ರ ಒಂದೇ.

ಮರುವರ್ಷವೇ ಉತ್ತರ ಬಂತು, ಎರಡು ಕಡೆಯಿಂದ. ಆಂಡರ್ಸನ್, ಹಾಲ್ಪರಿನ್ ಮತ್ತು ಚಂದ್ರ ವರ್ಮಾ ಒಂದು ಕಡೆ, ಫಿಲಿಪ್ಸ್ ಇನ್ನೊಂದು ಕಡೆ. ಅದನ್ನು ಅರ್ಥ ಮಾಡಿಕೊಳ್ಳಲು ಬೆಂಗಳೂರಿನ ಫುಟ್‌ಪಾತ್ ಸಾಕು. ಮೋರಿಯ ಮೇಲೆ ಚಪ್ಪಡಿ ಕಲ್ಲು ಹಾಸಿರುತ್ತಾರಲ್ಲ, ಬಹುತೇಕ ಕಲ್ಲುಗಳು ಗಟ್ಟಿಯಾಗಿ ಕೂತಿರುತ್ತವೆ. ಅಲ್ಲೊಂದು ಇಲ್ಲೊಂದು ಕಲ್ಲು ಕಾಲಿಟ್ಟರೆ ಟಕ್ ಅಂತ ಆ ಕಡೆ ವಾಲುತ್ತದೆ, ಇನ್ನೊಂದು ಮೂಲೆಗೆ ಕಾಲಿಟ್ಟರೆ ಟಕ್ ಅಂತ ಈ ಕಡೆ. ಅದಕ್ಕೆ ಕೂರಲು ಎರಡು ಭಂಗಿ, ಎರಡೂ ಹೆಚ್ಚುಕಡಿಮೆ ಸಮ. ನೆಟ್ಟಗೆ ಹಾಸಿದ ನೆಲದಲ್ಲಿ ಇಂಥ ಕಲ್ಲು ಇರುವುದಿಲ್ಲ. ಅಡ್ಡಾದಿಡ್ಡಿ ಹಾಸಿದ ಕಡೆ ಇದ್ದೇ ಇರುತ್ತದೆ. ಗಾಜಿನೊಳಗೂ ಕೆಲವು ಪರಮಾಣುಗಳ ಗುಂಪಿಗೆ ಹೀಗೆ ಎರಡು ಭಂಗಿಗಳಿವೆ ಅಂದರು ಈ ನಾಲ್ವರು. 1 ಕೆಲ್ವಿನ್‌ಗಿಂತ ಕೆಳಗೆ ನಡುವಿನ ದಿಣ್ಣೆ ಹತ್ತಿ ಇಳಿಯುವಷ್ಟು ಶಕ್ತಿ ಯಾರ ಬಳಿಯೂ ಇರುವುದಿಲ್ಲ. ಆದರೆ ಕ್ವಾಂಟಂ ಜಗತ್ತಿನಲ್ಲಿ ದಿಣ್ಣೆಯ ಮೂಲಕವೇ ತೂರಿ ಆ ಕಡೆ ಹೋಗಬಹುದು. ಈ ಸಡಿಲ ಗುಂಪುಗಳು ಶಾಖವನ್ನು ಹೀರಿಕೊಳ್ಳುತ್ತವೆ, ಹಾದುಹೋಗುವ ಶಬ್ದವನ್ನೂ ಹೀರಿಕೊಳ್ಳುತ್ತವೆ.

ಇದಕ್ಕೆ ಸಿಕ್ಕಿದ ಸಾಕ್ಷಿ ನನಗೆ ತುಂಬಾ ಇಷ್ಟ. ತಣ್ಣನೆಯ ಗಾಜಿನಲ್ಲಿ ಮೆಲ್ಲಗಿನ ಶಬ್ದ ಬೇಗ ಸತ್ತುಹೋಗುತ್ತದೆ, ಜೋರಿನ ಶಬ್ದ ದೂರ ಹೋಗುತ್ತದೆ. 1972ರ ಸುಮಾರಿಗೆ ಅಲ್ಟ್ರಾಸೌಂಡ್ ಬಳಸಿ ಇದನ್ನು ತೋರಿಸಿದರು. ಸಡಿಲ ಜಾಗಗಳಿಗೆ ಇರುವುದೇ ಎರಡು ಭಂಗಿ, ಹಾಗಾಗಿ ಅವು ಹೀರುವುದಕ್ಕೂ ಒಂದು ಮಿತಿ ಇದೆ. ಜೋರಿನ ಶಬ್ದ ಅವನ್ನೆಲ್ಲ ತುಂಬಿಬಿಡುತ್ತದೆ, ಆಮೇಲೆ ಉಳಿದದ್ದು ಸಲೀಸಾಗಿ ಮುಂದೆ ಹೋಗುತ್ತದೆ. ಮಾಮೂಲಿ ಕಂಪನಗಳು ಹೀರುತ್ತಿದ್ದರೆ ಹೀಗಾಗುತ್ತಿರಲಿಲ್ಲ, ಅವಕ್ಕೆ ಅಂಥ ಮಿತಿಯಿಲ್ಲ.

ಇಷ್ಟು 1 ಕೆಲ್ವಿನ್‌ಗಿಂತ ಕೆಳಗಿನ ಕಥೆ. ಕೃಷ್ಣನ್ ಪ್ಲೇಟಿನ ಪಟ್ಟೆ ಇದಕ್ಕಿಂತ ಮೇಲಿನದ್ದು. ಅದರ ಕಂಪನಗಳು ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಸಲ, ಅಂದರೆ 1 ಟೆರಾಹರ್ಟ್ಸ್ ಆಸುಪಾಸು. ನಮಗೆ ಇದು ಊಹೆಗೂ ಸಿಗದ ವೇಗ, ಪರಮಾಣುಗಳ ಲೆಕ್ಕದಲ್ಲಿ ನಿಧಾನವೇ. ಸಿಲಿಕಾ ಗಾಜಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಭಾಗಿಸಿ ನೋಡಿದರೆ ಅಲೆಯ ಉದ್ದ 6 ನ್ಯಾನೊಮೀಟರ್. ಇಷ್ಟು ಗಿಡ್ಡ ಅಲೆಗೆ ಒಳಗಿನ ಏರುಪೇರು ತಾಗಲು ಶುರುವಾಗುತ್ತದೆ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತು. ಅಲೆ ಅಲೆಯಾಗಿ ಉಳಿಯುವುದೇ ಕಷ್ಟ.

ಈ ಹೆಚ್ಚುವರಿ ಕಂಪನಗಳು ಎಲ್ಲಿಂದ ಬಂದವು ಅನ್ನುವುದರ ಮೇಲೆ ದಶಕಗಳಿಂದ ಜಗಳ ನಡೆದಿದೆ. ಸ್ಫಟಿಕದಲ್ಲೂ ಇಂಥ ಒಂದು ಗುಡ್ಡೆ ಇರುತ್ತದೆ, ಗಾಜಿನಲ್ಲಿ ಅದು ಕೆಳಗೆ ಸರಿದು ಹರಡಿಕೊಂಡಿದೆ ಅಷ್ಟೇ ಅನ್ನುವವರಿದ್ದಾರೆ. ಗಟ್ಟಿತನ ಜಾಗದಿಂದ ಜಾಗಕ್ಕೆ ಬದಲಾಗುವುದೇ ಸಾಕು ಅನ್ನುವವರಿದ್ದಾರೆ. ಅಲೆಗಳ ಜೊತೆಗೆ, ಒಂದೊಂದು ಕಡೆ ಮಾತ್ರ ನೆಲೆಸಿ ಜೋಲಾಡುವ ಬೇರೆ ಕಂಪನಗಳೇ ಇವೆ ಅನ್ನುವುದು ಮೂರನೆಯ ಪಂಗಡ. ಸೋವಿಯತ್ ಭೌತವಿಜ್ಞಾನಿಗಳು 1980ರ ದಶಕದಲ್ಲೇ ಈ ಮಾತು ಹೇಳಿದ್ದರು. 2016ರಿಂದೀಚೆಗೆ ಕಂಪ್ಯೂಟರಿನಲ್ಲಿ ಗಾಜು ಕಟ್ಟಿ ಕಂಪನಗಳನ್ನು ಒಂದೊಂದಾಗಿ ಎಣಿಸಿದವರು ಈ ನೆಲೆಸಿದ ಕಂಪನಗಳನ್ನು ಕಣ್ಣಾರೆ ತೋರಿಸಿದ್ದಾರೆ. ಅವುಗಳ ಎಣಿಕೆಗೆ ಒಂದು ನಿಯಮವಿದೆ. ಕಂಪನದ ವೇಗ ಎರಡರಷ್ಟಾದರೆ ಅಲ್ಲಿ ಸಿಗುವ ಸಂಖ್ಯೆ ಹದಿನಾರರಷ್ಟು. ಡಿಬೈ ಅಲೆಗಳಿಗಾದರೆ ಬರೀ ನಾಲ್ಕರಷ್ಟು. ಗಾಜಿನ ಮಾದರಿ ಬದಲಾಯಿಸಿ, ಪರಮಾಣುಗಳ ನಡುವಿನ ಬಲ ಬದಲಾಯಿಸಿ, ಹದಿನಾರು ಅಲ್ಲಾಡುವುದಿಲ್ಲ. ಕ್ರಮವಿಲ್ಲದ ವಸ್ತುವಿನೊಳಗೆ ಇಷ್ಟು ಕಟ್ಟುನಿಟ್ಟಾದ ನಿಯಮ! ಇದನ್ನು ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಕಾಲ ಕಳೆದರೆ ಈ ಸಡಿಲ ಜಾಗಗಳು ಸರಿಹೋಗುತ್ತವಾ? ಕೇಳಬೇಕಾದ ಪ್ರಶ್ನೆ. ಗಾಜು ನಿಧಾನವಾಗಿ ಹರಿಯುತ್ತದೆ, ಹಳೇ ಕಟ್ಟಡಗಳ ಕಿಟಕಿ ಗಾಜು ಕೆಳಗಡೆ ದಪ್ಪ ಅಂತ ನಾನು ಓದಿದ ಪುಸ್ತಕದಲ್ಲಿತ್ತು. ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ಅದು ನಿಜವಲ್ಲ. ಹಿಂದಿನ ಕಾಲದಲ್ಲಿ ಗಾಜನ್ನು ಸಮನಾಗಿ ಮಾಡಲು ಬರುತ್ತಿರಲಿಲ್ಲ, ಹಾಗಾಗಿ ಒಂದು ಕಡೆ ದಪ್ಪ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮಧ್ಯಕಾಲದ ಗಾಜಿನ ಮಿಶ್ರಣವನ್ನೇ ತೆಗೆದುಕೊಂಡು ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು ನೂರು ಕೋಟಿ ವರ್ಷಕ್ಕೆ ಹೆಚ್ಚೆಂದರೆ 1 ನ್ಯಾನೊಮೀಟರ್. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಈ ನೂರಮೂವತ್ತು ಚಿಲ್ಲರೆ ವರ್ಷಕ್ಕೆ ಒಂದು ಪರಮಾಣುವಿನ ಅಗಲದಷ್ಟೂ ಹರಿವು ಲೆಕ್ಕಕ್ಕೆ ಬರುವುದಿಲ್ಲ.

ಹರಿಯದಿದ್ದರೂ ಒಳಗೊಳಗೇ ಸರಿಪಡಿಸಿಕೊಳ್ಳಬಹುದಲ್ಲ? ಅದನ್ನು ನೋಡಲು ಸ್ಪೇನಿನ ಸಂಶೋಧಕರು ಒಂದು ಅದ್ಭುತ ಕೆಲಸ ಮಾಡಿದರು. ಮರದ ಅಂಟು ಮಣ್ಣಿನಡಿ ಹೂತು ಗಟ್ಟಿಯಾದರೆ ಅಂಬರ್ ಆಗುತ್ತದೆ. ಅದೂ ಗಾಜೇ. ಅವರ ದೇಶದ ಎಲ್ ಸೊಪ್ಲಾವೊದಲ್ಲಿ ಸಿಗುವ ಅಂಬರ್‌ಗೆ 11 ಕೋಟಿ ವರ್ಷ ವಯಸ್ಸು. ಡೈನೋಸಾರ್‌ಗಳ ಕಾಲದಿಂದ ಸದ್ದಿಲ್ಲದೆ ಕೂತು ಒಳಗಿನ ಜೋಡಣೆಯನ್ನು ಸರಿಮಾಡಿಕೊಳ್ಳಲು ಅದಕ್ಕೆ ಬೇಕಾದಷ್ಟು ಸಮಯವಿತ್ತು. ಆ ಅಂಬರ್‌ನ ಶಾಖಧಾರಣೆ ಅಳೆದರು. ಆಮೇಲೆ ಅದನ್ನು ಬಿಸಿಮಾಡಿ, ಆ ಮುಪ್ಪನ್ನು ಅಳಿಸಿ, ಮತ್ತೆ ಅಳೆದರು. 2014ರಲ್ಲಿ ಫಲಿತಾಂಶ ಬಂತು. ಎರಡು ಭಂಗಿಯ ಸಡಿಲ ಜಾಗಗಳು ಎರಡರಲ್ಲೂ ಹಾಗೇ ಇದ್ದವು. ಬೋಸಾನ್ ಪೀಕ್ ಕೂಡ ಇತ್ತು. 11 ಕೋಟಿ ವರ್ಷದ ವಿಶ್ರಾಂತಿಗೂ ಅವು ಜಗ್ಗಿರಲಿಲ್ಲ.

ಅದೇ ವರ್ಷ, ಹೆಚ್ಚುಕಡಿಮೆ ಅದೇ ತಂಡದವರು ಇನ್ನೊಂದು ವಸ್ತುವಿನಲ್ಲಿ ತದ್ವಿರುದ್ಧ ಕಂಡರು. ಇಂಡೊಮೆಥಾಸಿನ್ ಅಂತ ನೋವು, ಊತಕ್ಕೆ ಕೊಡುವ ಮಾತ್ರೆ ಇದೆ. ಅದನ್ನು ಕರಗಿಸಿ ತಣಿಸಿದರೆ ಮಾಮೂಲಿ ಗಾಜು. ಆವಿ ಮಾಡಿ, ಹದವಾದ ತಾಪಮಾನದಲ್ಲಿಟ್ಟ ತಟ್ಟೆಯ ಮೇಲೆ ಪದರ ಪದರವಾಗಿ ನಿಧಾನಕ್ಕೆ ಕೂರಿಸಿದರೆ ಬೇರೆಯದೇ ಗಾಜು. ಮೇಲ್ಮೈಗೆ ಬಂದ ಅಣುವಿಗೆ ಓಡಾಡಲು ಸ್ವಾತಂತ್ರ್ಯವಿರುತ್ತದೆ. ಮೇಲೆ ಇನ್ನೊಂದು ಪದರ ಬಂದು ಮುಚ್ಚುವ ಮೊದಲು ಅದು ಒಳ್ಳೇ ಜಾಗ ಹುಡುಕಿಕೊಳ್ಳುತ್ತದೆ. ಹೀಗೆ ಮಾಡಿದ ಗಾಜಿನಲ್ಲಿ, 1 ಕೆಲ್ವಿನ್ ಕೆಳಗಿನ ಆ ಹೆಚ್ಚುವರಿ ಶಾಖಧಾರಣೆ ಕಾಣಿಸಲೇ ಇಲ್ಲ. ಕೋಟಿಗಟ್ಟಲೆ ವರ್ಷ ಮಾಡಲಾಗದ್ದನ್ನು ಪದರ ಕೂರಿಸುವ ಜಾಣತನ ಮಾಡಿತು. ಎರಡೂ ಲೇಖನಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಆಗುವ ಖುಷಿಯೇ ಬೇರೆ.

ಸಡಿಲ ಜಾಗಗಳು ಬರೀ ಅತಿಶೀತದ ವಿಷಯ ಅಂದುಕೊಳ್ಳಬೇಡಿ. ನಮ್ಮ ಬಡಾವಣೆಯಲ್ಲಿ ಒಂದು ಗಾಜಿನ ಅಂಗಡಿ ಇದೆ. ಕಿಟಕಿಗೆ ಗಾಜು ಹಾಕಿಸಲು ಹೋದಾಗ ಯಜಮಾನರು ಕತ್ತರಿಸುವುದನ್ನು ನಿಂತು ನೋಡುತ್ತೇನೆ. ಕಟ್ಟರಿನ ಗಾಲಿಯನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತಾರೆ. ಮರದ ಪಟ್ಟಿ ಇಟ್ಟು, ಒಂದೇ ಒತ್ತಡದಲ್ಲಿ, ಎಲ್ಲೂ ನಿಲ್ಲಿಸದೆ ಈ ತುದಿಯಿಂದ ಆ ತುದಿಗೆ ಎಳೆಯುತ್ತಾರೆ. ಕರ್‌ರ್ ಅಂತ ಸದ್ದು ಒಂದೇ ಸಮ ಬರಬೇಕು. ಆಮೇಲೆ ಗೆರೆಯನ್ನು ಮೇಜಿನ ಅಂಚಿಗೆ ತಂದು ಎರಡೂ ಕೈಯಿಂದ ಒಂದು ಅದುಮು. ಗೆರೆ ಹಿಡಿದು ಬಿಟ್ಟುಕೊಳ್ಳುತ್ತದೆ. ಒಂದು ಸಲ ಮನೆಯಲ್ಲಿದ್ದ ಹಳೇ ಗಾಜನ್ನೇ ಕತ್ತರಿಸಿ ಕೊಡಿ ಅಂದೆ. "ಬೇಡ ಮೇಷ್ಟ್ರೇ, ಹಳೇ ಗಾಜು ಕೈಕೊಡುತ್ತೆ. ನಾವು ಎಳೆದದ್ದು ಒಂದು ಕಡೆ, ಅದು ಹೋಗೋದು ಇನ್ನೊಂದು ಕಡೆ" ಅಂದರು.

ಸರಿಯಾದ ಮಾತು. ಅನೇಕ ಸ್ಫಟಿಕಗಳಿಗೆ ಸೀಳಲು ತಮ್ಮದೇ ಸಮತಲಗಳಿರುತ್ತವೆ, ಗಾಜಿಗೆ ಅದಿಲ್ಲ. ಕಿಟಕಿ ಗಾಜಿನಲ್ಲಿ ಬಿರುಕು ಎಲ್ಲಿ ಶುರುವಾಗಬೇಕು ಅನ್ನುವುದನ್ನು ಮೇಲ್ಮೈಯ ಗೀರುಗಳು ತೀರ್ಮಾನಿಸುತ್ತವೆ. ಹಳೇ ಗಾಜಿನ ಮೈಯೆಲ್ಲ ಗೀರು. ಆದರೆ ಗೀರಿಲ್ಲದ ಗಾಜನ್ನು ಕಂಪ್ಯೂಟರಿನಲ್ಲಿ ಕಟ್ಟಿ ತಿರುಚಿದರೆ, ಮೊದಲು ಜಾರುವುದು ಯಾವ ಪರಮಾಣುಗಳು ಗೊತ್ತಾ? ನಿಧಾನದ ಕಂಪನಗಳು ನೆಲೆಸಿರುವ ಜಾಗದವೇ. ತಿರುಚುವ ಮೊದಲೇ, ಸುಮ್ನೆ ಕಂಪನಗಳನ್ನು ಕೇಳಿಸಿಕೊಂಡು, ಎಲ್ಲೆಲ್ಲಿ ಸೋಲಬಹುದು ಅಂತ ಸುಮಾರಾಗಿ ಹೇಳಬಹುದು. ನೀರಿನಲ್ಲಿ ತೇಲಿಬಿಟ್ಟ ಮೈಕ್ರಾನ್ ಗಾತ್ರದ ಗೋಲಿಗಳನ್ನು ಒತ್ತೊತ್ತಾಗಿ ತುಂಬಿದರೆ ಅದೂ ಗಾಜಿನಂತೆ ನಡೆದುಕೊಳ್ಳುತ್ತದೆ, ಮತ್ತು ಒಂದೊಂದು ಗೋಲಿಯೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಇಂಥ ಗೋಲಿಗಳ ಗಾಜಿನ ಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಒಳ್ಳೊಳ್ಳೆಯ ಕೆಲಸ ನಡೆದಿದೆ.

ಈ ಸಡಿಲ ಜಾಗಗಳಿಂದ ತಲೆಕೆಡಿಸಿಕೊಂಡಿರುವವರು ಇನ್ನೂ ಇದ್ದಾರೆ. ಸೂಪರ್‌ಕಂಡಕ್ಟರ್ ಬಳಸುವ ಕ್ವಾಂಟಂ ಕಂಪ್ಯೂಟರಿನ ಒಂದೊಂದು ಕ್ಯೂಬಿಟ್ಟಿನಲ್ಲೂ (ಅದರ ಲೆಕ್ಕದ ಮೂಲ ಘಟಕದಲ್ಲೂ) ಅಲ್ಯೂಮಿನಿಯಂ ಆಕ್ಸೈಡಿನ ಒಂದೆರಡು ನ್ಯಾನೊಮೀಟರ್ ದಪ್ಪದ ಪದರವಿರುತ್ತದೆ. ಅದು ಸ್ಫಟಿಕವಲ್ಲ. ಅಲ್ಲಿರುವ ಎರಡು ಭಂಗಿಯ ಗುಂಪುಗಳು ಕ್ಯೂಬಿಟ್ಟಿನ ಶಕ್ತಿ ಕದಿಯುತ್ತವೆ. ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೋ ಕನ್ನಡಿಗಳ ಲೇಪನವೂ ಗಾಜಿನಂಥದ್ದೇ. ಅದರೊಳಗಿನ ಈ ಸಣ್ಣ ಕುಲುಕಾಟವೇ ಅಲ್ಲಿ ದೊಡ್ಡ ಗದ್ದಲಗಳಲ್ಲಿ ಒಂದು.

ನನ್ನನ್ನು ಬಿಡದೆ ಕಾಡುವುದು ಮಾತ್ರ ಇನ್ನೊಂದು ಸಂಗತಿ, 150 ಅನ್ನುವ ಸಂಖ್ಯೆ. ಚೆನ್ನಾಗಿ ತಣಿಸಿದ ಗಾಜಿನಲ್ಲಿ ಒಂದು ಶಬ್ದದ ಅಲೆ ಎಷ್ಟು ದೂರ ಹೋಗಿ ಕಳೆದುಹೋಗುತ್ತದೆ? ತನ್ನ ಉದ್ದದ ಸುಮಾರು 150 ಪಟ್ಟು. 1986ರಲ್ಲಿ ಫ್ರೀಮನ್ ಮತ್ತು ಆಂಡರ್ಸನ್ ಇದನ್ನು ಎತ್ತಿ ತೋರಿಸಿದರು. ಸಿಲಿಕಾ ಇರಲಿ, ಪ್ಲಾಸ್ಟಿಕ್ ಇರಲಿ, ಹೆಚ್ಚುಕಡಿಮೆ ಅಷ್ಟೇ. ಒಂದು ಗಾಜಿನಲ್ಲಿ ಸಡಿಲ ಜಾಗಗಳು ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇರಬೇಕಿತ್ತು ಅಲ್ವಾ? ಅವು ಶಬ್ದಕ್ಕೆ ಮಿಡಿಯುವ ಬಲವೂ ಬೇರೆ ಬೇರೆ ಇರಬೇಕಿತ್ತು. ಎಲ್ಲ ಸೇರಿ ಗುಣಿಸಿದಾಗ ಒಂದೇ ಸಂಖ್ಯೆ ಬರಲು ಕಾರಣವೇ ಇಲ್ಲ.

1988ರಲ್ಲಿ ಯೂ ಮತ್ತು ಲೆಗೆಟ್ ಒಂದು ವಾದ ಮುಂದಿಟ್ಟರು. ಸಡಿಲ ಜಾಗಗಳು ಒಂಟಿಯಲ್ಲ. ಒಂದು ಆ ಕಡೆ ವಾಲಿದರೆ ಸುತ್ತಲಿನ ಗಾಜು ಬಿಗಿಯುತ್ತದೆ, ಆ ಬಿಗಿತ ದೂರದ ಇನ್ನೊಂದನ್ನು ತಟ್ಟುತ್ತದೆ. ಎಲ್ಲವೂ ಎಲ್ಲವನ್ನೂ ತಟ್ಟಿ ಕೊನೆಗೆ ನಿಲ್ಲುವ ಸ್ಥಿತಿಗೆ, ಶುರುವಿನಲ್ಲಿ ಯಾವ ರಸಾಯನ ಇತ್ತು ಅನ್ನುವುದು ಮುಖ್ಯವಾಗುವುದಿಲ್ಲ. ಹಾಗಾಗಿ ಎಲ್ಲ ಗಾಜುಗಳಲ್ಲೂ ಒಂದೇ ಸಂಖ್ಯೆ. ಗಾಜು ಹೆಪ್ಪುಗಟ್ಟುವ ಗಳಿಗೆಯಲ್ಲೇ ಸಂಖ್ಯೆ ನಿಶ್ಚಯವಾಗುತ್ತದೆ ಅನ್ನುವ ಇನ್ನೊಂದು ವಾದವೂ ಇದೆ, ಅದರ ಲೆಕ್ಕಗಳೂ ಗಟ್ಟಿಯಾಗಿವೆ. ಲೆಗೆಟ್ ವಾದಕ್ಕೆ ಇಂಡೊಮೆಥಾಸಿನ್ ಫಲಿತಾಂಶ ದೊಡ್ಡ ತೊಡಕು. ಸಂಖ್ಯೆ ತಪ್ಪಿಸಲಾಗದ್ದು ಅಂದಮೇಲೆ ಒಳ್ಳೇ ಪದರ ಕೂರಿಸಿದ ಮಾತ್ರಕ್ಕೆ ಸಡಿಲ ಜಾಗಗಳು ಮಾಯವಾಗಬಾರದು. 400 ಡಿಗ್ರಿ ಸೆಲ್ಸಿಯಸ್ ಹತ್ತಿರ ಕೂರಿಸಿದ ಸಿಲಿಕಾನ್ ಪದರದಲ್ಲೂ ಅವು ಬಹುತೇಕ ಇಲ್ಲವಾದದ್ದನ್ನು ಅದೇ 2014ರಲ್ಲಿ ಬೇರೆ ತಂಡ ತೋರಿಸಿದೆ. ಇಷ್ಟಾದರೂ ನಾನು ಲೆಗೆಟ್ ಕಡೆಯೇ. ಕರಗಿಸಿ ತಣಿಸಿದ ಗಾಜುಗಳು, ಅಂದರೆ ಮನುಷ್ಯರು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದ ಗಾಜುಗಳು, ಈ ವಿಷಯದಲ್ಲಿ ಒಂದಕ್ಕೊಂದು ಇಷ್ಟು ಹೋಲುವುದು ಕಾಕತಾಳೀಯ ಅಂತ ನಾನು ಒಪ್ಪಲಾರೆ. ಆವಿಯಿಂದ ಪದರ ಪದರವಾಗಿ ಕಟ್ಟಿದವು ಎಲ್ಲಿ, ಎಷ್ಟರಮಟ್ಟಿಗೆ ಆ ಸಾಲಿನಿಂದ ಹೊರಬರುತ್ತವೆ ಅನ್ನುವುದನ್ನು ಒಂದೊಂದೇ ವಸ್ತು ಹಿಡಿದು ಅಳೆಯಬೇಕು. ಅಳೆಯುವವರು ಅಳೆಯುತ್ತಿದ್ದಾರೆ.